ಮಗುವಿನ ಮಾತು: ಹೊಣೆ ಯಾರದು?

ಮಾನ್ವಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಪುಟದಲ್ಲೂ ಸ್ಕೇಲಿನಿಂದ ಗೆರೆ ಎಳೆದು ಅಂಕಣ ಮಾಡಲಾಗಿದೆ. ಎಡಗಡೆ ತಾರೀಖು. ಮುಂದೆ 'ಚಿತ್ರ ತೋರಿಸಿದ್ದು', 'ಹೆಸರು ಹೇಳಿಸಿದ್ದು', 'ಕಥೆ ಹೇಳಿದ್ದು', 'ಎಷ್ಟು ನಿಮಿಷ'. ಪ್ರತಿಯೊಂದರ ಎದುರೂ ಒಂದು ಟಿಕ್ಕು. ಒಂದು ದಿನವೂ ತಪ್ಪಿಲ್ಲ. ರಂಜಾನಿನ ಉಪವಾಸದಲ್ಲೂ ತಪ್ಪಿಲ್ಲ, ಬಕ್ರೀದಿನ ದಿನವೂ ತಪ್ಪಿಲ್ಲ. ಅವಳು ಜ್ವರ ಬಂದು ನಾಲ್ಕು ದಿನ ಹಾಸಿಗೆ ಹಿಡಿದಾಗಲೂ ತಪ್ಪಿಲ್ಲ. ನನಗೆ ಅನುಮಾನ ಬಂದದ್ದು ಆ ನಾಲ್ಕು ದಿನಗಳ ಟಿಕ್ಕು ನೋಡಿದಾಗ.

ಅದು 2019ರ ಮಾತು. ಅವಳ ಮಗನಿಗೆ ಆಗ ನಾಲ್ಕು ದಾಟಿತ್ತು. ಮೂರೂವರೆ ವರ್ಷವಾದರೂ ನಾಲ್ಕೈದು ಶಬ್ದಗಳ ಮುಂದೆ ಅವನ ಮಾತು ಹೋಗಿರಲಿಲ್ಲ. ಬೇಕಾದುದನ್ನು ಕೈ ಹಿಡಿದು ಎಳೆದು ತೋರಿಸುತ್ತಿದ್ದ. ಮನೆಯವರು ಎಲ್ಲ ಮನೆಯವರು ಮಾಡುವುದನ್ನೇ ಮಾಡಿದ್ದರು. ನೆರೆಮನೆಯ ಅಜ್ಜಿ ಹೇಳಿದಳೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ದರ್ಗಾದಿಂದ ದಮ್ ಮಾಡಿಸಿದ ನೀರು ತಂದು ಕುಡಿಸಿದರು. "ಇವನಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ತಂಗಿಯ ಅತ್ತೆ ಸಮಾಧಾನ ಹೇಳಿದರು. ಕಡೆಗೆ ನಾನೇ ಜೊತೆಗೆ ಹೋಗಿ ರಾಯಚೂರಿನಲ್ಲಿ ಕಿವಿ ಪರೀಕ್ಷೆ ಮಾಡಿಸಿದೆ. ಕಿವಿ ಸರಿಯಾಗಿತ್ತು. ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಬರಬೇಕು, ಉಳಿದ ದಿನ ಮನೆಯಲ್ಲಿ ಅಭ್ಯಾಸ ಮಾಡಿಸಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಬೇಕು ಎಂದಾಯಿತು.

"ಏನಮ್ಮ, ಜ್ವರ ಬಂದು ಮಲಗಿದಾಗಲೂ ಇಪ್ಪತ್ತು ನಿಮಿಷ ಪಾಠ ಮಾಡಿಸಿದೆಯಾ?" ಎಂದು ಕೇಳಿದೆ. ನನ್ನ ದನಿಯಲ್ಲಿ ವ್ಯಂಗ್ಯವಿತ್ತು.

ಅವಳು ತಲೆ ತಗ್ಗಿಸಲಿಲ್ಲ. "ಸುಳ್ಳೇ ಬರೆದೀನಿ ಭೈ. ಖಾಲಿ ಬಿಟ್ಟರೆ ಮೇಡಂ ಬೈಯೋದಿಲ್ಲ. ಪುಟ ತಿರುವಿ ನನ್ನ ಮುಖ ನೋಡ್ತಾರೆ, ಅಷ್ಟೆ. ಆ ನೋಟ ನನಗೆ ತಡೆಯೋಕೆ ಆಗೋದಿಲ್ಲ" ಎಂದಳು.

ನಾನು ಕಥೆ ಬರೆಯುವವನು. ಹೆಂಗಸರ ಸಂಕಟದ ಬಗ್ಗೆ ನಾಲ್ಕು ಕಥೆ ಬರೆದು ನಾಲ್ಕು ಮಂದಿಯಿಂದ ಹೊಗಳಿಸಿಕೊಂಡವನು. ಆದರೂ ಅಂದು ಅವಳಿಗೆ ಉಪದೇಶ ಮಾಡಿಯೇ ಹೊರಟೆ. "ಮಗುವಿನ ಭವಿಷ್ಯದ ಪ್ರಶ್ನೆ, ದಿನಕ್ಕೆ ಇಪ್ಪತ್ತು ನಿಮಿಷ ಕೊಡಲಾಗದೆ?" ಎಂದೆ. ರಾಯಚೂರಿಗೆ ವಾಪಸಾಗುವ ಬಸ್ಸಿನಲ್ಲಿ ಕೂತ ಮೇಲೆ ಒಂದು ಪ್ರಶ್ನೆ ಹುಟ್ಟಿತು. ಆ ಸುಳ್ಳು ನಿಜವಾಗಿ ಯಾರದು? ಬರೆದವಳದೋ, ಬರೆಯದೆ ವಿಧಿಯಿಲ್ಲದಂತೆ ಮಾಡಿದ ಲೆಕ್ಕದ್ದೋ?

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮೇಡಂ ಕೇಳಿದ್ದು ತಪ್ಪಾಗಿರಲಿಲ್ಲ. ವಾರಕ್ಕೆ ಮುಕ್ಕಾಲು ಗಂಟೆ ಮಗು ಅವರ ಬಳಿ ಇರುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಿರುತ್ತದೆ ಎಂದರೂ ವಾರಕ್ಕೆ ಎಂಬತ್ತನಾಲ್ಕು ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಮಾತು ಕಲಿಯುವುದು ಉಳಿದ ತೊಂಬತ್ತೊಂಬತ್ತು ಪಾಲಿನಲ್ಲಿ. ಅಮೆರಿಕದ ಮೇಗನ್ ರಾಬರ್ಟ್ಸ್ ಮತ್ತು ಆ್ಯನ್ ಕೈಸರ್ ಎಂಬ ಸಂಶೋಧಕಿಯರು 2011ರಲ್ಲಿ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ತರಬೇತಿ ಪಡೆದ ತಂದೆತಾಯಿಗಳು ಮನೆಯಲ್ಲಿ ಮಾಡುವ ಪ್ರಯತ್ನದಿಂದ ಮಕ್ಕಳ ಭಾಷೆಗೆ ನಿಜವಾದ ಲಾಭವಾಗುತ್ತದೆ ಎಂಬುದು ಕಂಡುಬಂದಿತ್ತು. ನಮ್ಮ ಮೈಸೂರಿಗೆ ಇದು ಹಳೆಯ ಸಂಗತಿ. 1965ರಲ್ಲಿ ಆರಂಭವಾಗಿ ಮಾನಸಗಂಗೋತ್ರಿಯಲ್ಲಿ ಬೆಳೆದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ಮಕ್ಕಳ ಜೊತೆ ತಾಯಂದಿರಿಗೂ ತರಬೇತಿ ಸಿಗುತ್ತದೆ. ಅದೇ ಊರಿನ ಕಿವುಡು ಮಕ್ಕಳ ತಂದೆತಾಯಿಗಳ ಸಂಘದ ಶಾಲೆಯಲ್ಲಿ ತಾಯಂದಿರು ಮಗುವಿನ ಪಕ್ಕದಲ್ಲೇ ಕೂತು ಕಲಿಸುವುದನ್ನು ಕಲಿಯುತ್ತಾರೆ. ಅಲ್ಲಿಂದ ಸಾಮಾನ್ಯ ಶಾಲೆಗೆ ಹೋಗಿ ಓದಿದ ಮಕ್ಕಳಿದ್ದಾರೆ.

ಹಾಗಾದರೆ ಮನೆಯವರ ಪಾತ್ರವಿಲ್ಲದೆ ಮಗುವಿನ ಮಾತು ಬೆಳೆಯುವುದು ಕಷ್ಟ. ಪಾತ್ರ ವಹಿಸದ ತಾಯಿ ತಪ್ಪಿತಸ್ಥೆಯೇ?

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಒಂದು, ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿಬರುವುದು: "ಈ ಜನಕ್ಕೆ ಮಕ್ಕಳ ಬಗ್ಗೆ ಕಾಳಜಿ ಇಲ್ಲ." ಇನ್ನೊಂದು, ನಮ್ಮಂಥ ಬರಹಗಾರರ ಬಾಯಲ್ಲಿ ಬರುವುದು: "ಪಾಪ, ಬಡವರು, ಅವರಿಂದ ಏನು ಸಾಧ್ಯ?" ಮೊದಲನೆಯದು ಕ್ರೂರ. ಎರಡನೆಯದು ದಯೆಯ ವೇಷದಲ್ಲಿರುವ ಅವಮಾನ. ನನ್ನ ತಂಗಿಯಿಂದ ಏನೂ ಸಾಧ್ಯವಿಲ್ಲ ಎಂದು ನಾನು ತೀರ್ಮಾನಿಸಿದರೆ ಅವಳ ಮಗನನ್ನೂ ಅಲ್ಲಿಗೇ ಬಿಟ್ಟಂತಾಗುತ್ತದೆ. ವಯಸ್ಸು ಕಾಯುವುದಿಲ್ಲ. ಮಾತಿನ ಬೇರು ಇಳಿಯುವುದು ಮೊದಲ ಐದಾರು ವರ್ಷಗಳಲ್ಲಿ.

ನಾವು ಚಿಕ್ಕವರಿದ್ದಾಗ ಉರ್ದು ಶಾಲೆಯ ಮೇಷ್ಟ್ರು ಎರಡು ಶಬ್ದ ಬಳಸುತ್ತಿದ್ದರು. ಒಂದು ಕಸೂರ್, ಇನ್ನೊಂದು ಜಿಮ್ಮೇದಾರಿ. ಗಾಜು ಒಡೆದವನದು ಕಸೂರ್. ಚೂರು ಯಾರ ಕಾಲಿಗೂ ಚುಚ್ಚದಂತೆ ಗುಡಿಸುವುದು ತರಗತಿಯಲ್ಲಿದ್ದ ಎಲ್ಲರ ಜಿಮ್ಮೇದಾರಿ. ಕನ್ನಡದಲ್ಲಿ ತಪ್ಪು ಮತ್ತು ಹೊಣೆ ಎನ್ನಬಹುದು. ತಪ್ಪು ಹಿಂದಕ್ಕೆ ನೋಡುತ್ತದೆ, ಹೊಣೆ ಮುಂದಕ್ಕೆ ನೋಡುತ್ತದೆ. ಮಾತು ಬಾರದ ಮಗುವಿನ ಮನೆಗೆ ಬಂದವರೆಲ್ಲ ಕಸೂರನ್ನೇ ಹುಡುಕುತ್ತಾರೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳೇ? ಮೊಬೈಲು ಕೊಟ್ಟು ಕೆಡಿಸಿದಳೇ? ಸಂಬಂಧದಲ್ಲೇ ಮದುವೆಯಾದಳೇ?

ಈ ಕೊನೆಯ ಪ್ರಶ್ನೆಗೆ ವಿಜ್ಞಾನದ ಆಧಾರವಿದೆ, ಮುಚ್ಚಿಡಬೇಕಾಗಿಲ್ಲ. ಹುಟ್ಟುಕಿವುಡಿನ ಕೆಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಒಂದೇ ದೋಷದ ವಂಶವಾಹಿ ಬಂದಾಗ ಕಾಣಿಸಿಕೊಳ್ಳುತ್ತವೆ. ರಕ್ತಸಂಬಂಧದ ಮದುವೆಯಲ್ಲಿ ಆ ಸಂಭವ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ಸಂಬಂಧದೊಳಗೇ ಆಗಿವೆ. ನಮ್ಮಲ್ಲಿ ಚಿಕ್ಕಪ್ಪ, ಮಾವಂದಿರ ಮಕ್ಕಳ ನಡುವೆ, ಹಿಂದೂಗಳಲ್ಲಿ ಸೋದರಮಾವನ ಜೊತೆಗೂ. ಇದನ್ನು ಮದುವೆಗೆ ಮುಂಚೆ ಹೇಳಬೇಕು, ಹಿರಿಯರಿಗೆ ಹೇಳಬೇಕು, ಜುಮಾ ನಮಾಜಿನ ನಂತರ ಮಸೀದಿಯಲ್ಲೂ ಹೇಳಬೇಕು. ಆದರೆ ಮೂರು ವರ್ಷದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಹೇಳಿ ಏನು ಪ್ರಯೋಜನ? ಆ ಮದುವೆಯನ್ನು ಅವಳು ನಿಶ್ಚಯಿಸಿರಲಿಲ್ಲ. ಕಸೂರಿನ ಲೆಕ್ಕದಲ್ಲಿ ಅವಳನ್ನು ಕುಗ್ಗಿಸಿ, ಜಿಮ್ಮೇದಾರಿಯ ಲೆಕ್ಕದಲ್ಲಿ ಅವಳಿಂದಲೇ ದುಡಿಸಿಕೊಳ್ಳಲು ಆಗುವುದಿಲ್ಲ.

ದೇವದುರ್ಗ ಕಡೆಯ ಒಂದು ಹಳ್ಳಿಯಲ್ಲಿ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು. ಪರಿಚಯದವರ ಮನೆ. ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡದ ಕೆಲಸಕ್ಕೆ. ನಾಲ್ಕು ವರ್ಷದ ಮೊಮ್ಮಗಳು ಅಜ್ಜಿಯ ಬಳಿ ಇದ್ದಳು. ಹುಡುಗಿಗೆ ಕಿವಿ ಮಂದ. ಸರ್ಕಾರದಿಂದ ಪುಕ್ಕಟೆಯಾಗಿ ಶ್ರವಣ ಸಾಧನ ಸಿಕ್ಕಿತ್ತು. "ಎಲ್ಲಿದೆ ಅಮ್ಮ?" ಎಂದರೆ ಅಜ್ಜಿ ಒಳಗೆ ಹೋಗಿ ಟ್ರಂಕು ತೆಗೆದು, ಸೀರೆಗಳ ಕೆಳಗಿನಿಂದ ಒಂದು ಗಂಟು ತಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಡಬ್ಬಿ, ಅದರೊಳಗೆ ಸಾಧನ.

"ದವಾಖಾನಿಗೆ ಹೋಗುವಾಗ ಹಾಕ್ತೀನ್ರಿ. ಸಾವಿರಗಟ್ಟಲೆ ರೂಪಾಯಿ ಸಾಮಾನಂತ. ಹುಡುಗಿ ಮಣ್ಣಾಗ ಆಡ್ತಾಳ, ಕಳದರ ಏನ್ ಮಾಡ್ಲಿ?" ಎಂದಳು.

ಈ ಅಜ್ಜಿಯ 'ಸಹಕಾರ'ಕ್ಕೆ ಎಷ್ಟು ಅಂಕ ಕೊಡಬೇಕು? ಫಾರಂ ತುಂಬುವವರು 'ಸಾಧನ ಬಳಸುತ್ತಿಲ್ಲ' ಎಂದು ಬರೆಯುತ್ತಾರೆ. ಅದು ನಿಜವೇ. ಆದರೆ ಮನೆಯ ಬಂಗಾರ ಇಡುವ ಜಾಗದಲ್ಲಿ ಅವಳು ಅದನ್ನು ಇಟ್ಟಿದ್ದಳು. ಅದು ಅಸಡ್ಡೆಯಲ್ಲ, ಗೌರವ. ಕನ್ನಡಕದ ಹಾಗೆ ಎದ್ದಾಗಿನಿಂದ ಮಲಗುವವರೆಗೆ ಕಿವಿಯಲ್ಲಿ ಇರಬೇಕಾದ ವಸ್ತು ಅದು, ಕೇಳಿಸದ ಪ್ರತಿ ಗಂಟೆಯೂ ಮಗುವಿಗೆ ನಷ್ಟ ಎಂದು ಅವಳಿಗೆ ಅರ್ಥವಾಗುವಂತೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ತಂದೆಗೆ ಹೇಳಿದ್ದರು, ಅವನು ಬೆಂಗಳೂರಿನಲ್ಲಿದ್ದ. ದಾರ ಕಟ್ಟಿ ಅಂಗಿಗೆ ಪಿನ್ನು ಹಾಕಿದರೆ ಸಾಧನ ಬೀಳುವುದಿಲ್ಲ ಎಂಬ ಸಣ್ಣ ಉಪಾಯವನ್ನೂ ತೋರಿಸಿರಲಿಲ್ಲ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆರಡು ಬಾರಿ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರಿಂದ ದೋಷ ಪತ್ತೆಯಾಗುತ್ತದೆ. ಪತ್ತೆಯಾದ ಮೇಲೆ ಟ್ರಂಕಿನಿಂದ ಕಿವಿಯವರೆಗಿನ ಮೂರಡಿ ದಾರಿಯನ್ನು ಯಾರು ದಾಟಿಸಬೇಕು?

ಅಳೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಳೆಯದೆ ಹೋದರೆ ಯಾವ ಮನೆಗೆ ಏನು ಬೇಕು ಎಂಬುದು ತಿಳಿಯುವುದೇ ಇಲ್ಲ. ಆದರೆ ಯಾರು ಯಾರನ್ನು ಅಳೆಯುತ್ತಾರೆ ಎಂಬುದು ಮುಖ್ಯ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1980ರ ದಶಕದಲ್ಲಿ ಶಾಲೆಗೆ ಸೇರುವ ಮುಂಚಿನ ಮಕ್ಕಳ ತೊದಲಿಗೆ ಒಂದು ಚಿಕಿತ್ಸೆ ರೂಪಿಸಿದರು. ಅಲ್ಲಿನ ಒಂದು ಬಡಾವಣೆಯ ಹೆಸರಿನಿಂದ ಅದನ್ನು ಲಿಡ್‌ಕಂಬ್ ಕ್ರಮ ಎನ್ನುತ್ತಾರೆ. ಅದರಲ್ಲಿ ಚಿಕಿತ್ಸೆ ಮಾಡುವುದು ತಂದೆ ಅಥವಾ ತಾಯಿ, ಮನೆಯಲ್ಲಿ. ಪ್ರತಿದಿನ ಮಗುವಿನ ತೊದಲು ಎಷ್ಟಿತ್ತೆಂದು ಒಂದು ಅಂಕ ಕೊಡುವವರೂ ಅವರೇ. ಚಿಕಿತ್ಸಕರು ಆ ಅಂಕವನ್ನು ತಮ್ಮ ಅಂದಾಜಿನೊಂದಿಗೆ ಹೋಲಿಸಿ, ಅದರ ಆಧಾರದ ಮೇಲೆ ಮುಂದಿನ ವಾರದ ಕೆಲಸ ಹೇಳುತ್ತಾರೆ. ನ್ಯೂಜಿಲೆಂಡ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಫಲಕಾರಿ ಎಂದು ಕಂಡಿತು. ನನ್ನ ಮನಸ್ಸಿಗೆ ನಾಟಿದ್ದು ಬೇರೆ ಸಂಗತಿ. ಅಲ್ಲಿ ತಾಯಿಯ ಕೈಯಲ್ಲಿ ಅಳತೆಗೋಲು ಇದೆ, ಅವಳು ಮಗುವಿನ ಮಾತನ್ನು ಅಳೆಯುತ್ತಾಳೆ. ನನ್ನ ತಂಗಿಯ ನೋಟ್‌ಬುಕ್ಕಿನಲ್ಲಿ ಅಳೆಯಿಸಿಕೊಳ್ಳುತ್ತಿದ್ದವಳು ಅವಳೇ. ಅಳತೆಗೋಲು ಕೈಯಲ್ಲಿದ್ದವಳಿಗೆ ಸುಳ್ಳು ಬರೆಯುವ ಅಗತ್ಯ ಕಡಿಮೆ.

ಇನ್ನೊಂದು ಉದಾಹರಣೆ ಹಾಲಿವುಡ್ಡಿನದು. ಪ್ರಸಿದ್ಧ ನಟ ಸ್ಪೆನ್ಸರ್ ಟ್ರೇಸಿಯ ಮಗ ಜಾನ್ ಹುಟ್ಟುಕಿವುಡ. ತಾಯಿ ಲೂಯಿಸ್ ಟ್ರೇಸಿ ಅವನಿಗೆ ತಾನೇ ಕಲಿಸಿ, ಅಂಥ ತಾಯಂದಿರಿಗೆಂದು 1942ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕೇಂದ್ರ ತೆರೆದರು. ಅಂಚೆಯ ಮೂಲಕ ಉಚಿತ ಪಾಠಗಳನ್ನೂ ಕಳಿಸಿದರು. ದೊಡ್ಡ ಕೆಲಸ. ಆದರೆ ಸಿನಿಮಾ ನಟನ ಹೆಂಡತಿಗೆ ಇದ್ದ ಬಿಡುವು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನ ಹೆಂಡತಿಗೆ ಎಲ್ಲಿಂದ ಬರಬೇಕು? ಮೈಸೂರಿಗೆ ಹೋಗಿ ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿದ್ದು ಮಗುವಿಗೆ ಕಲಿಸುವ ತಾಯಂದಿರನ್ನು ಕಂಡರೆ ನನಗೆ ತಲೆಬಾಗಬೇಕೆನಿಸುತ್ತದೆ. ಆದರೆ ಮಾನ್ವಿಯಿಂದ ಮೈಸೂರು ಐನೂರು ಕಿಲೋಮೀಟರಿನಷ್ಟು ದೂರ. ಮನೆಯಲ್ಲಿ ಇನ್ನಿಬ್ಬರು ಹೆಣ್ಣುಮಕ್ಕಳು. ತ್ಯಾಗವನ್ನು ಮೆಚ್ಚಬಹುದು, ಅದನ್ನೇ ಎಲ್ಲರ ಕರ್ತವ್ಯದ ಅಳತೆಯಾಗಿ ಮಾಡಬಾರದು. ಯಾರ ಮೇಲೂ ಅವರ ಶಕ್ತಿಗೆ ಮೀರಿದ ಭಾರ ಹೊರಿಸುವುದಿಲ್ಲ ಎಂಬ ಅಲ್ಲಾಹನ ಭರವಸೆಯನ್ನು ದಿನವೂ ಓದುವ ನಾವು, ನಮ್ಮ ಮನೆಯ ಹೆಂಗಸರ ವಿಷಯದಲ್ಲಿ ಅದನ್ನು ಮರೆಯುತ್ತೇವೆ.

ಈ ಚರ್ಚೆಯಲ್ಲಿ 'ಕುಟುಂಬ' ಎಂಬ ಶಬ್ದವೇ ಒಂದು ಮೋಸ. ಕುಟುಂಬ ತೊಡಗಿಕೊಳ್ಳಬೇಕು ಎಂದಾಗ ಎಲ್ಲರ ಕಣ್ಣು ತಾಯಿಯ ಕಡೆ ಹೋಗುತ್ತದೆ. ನನ್ನ ಭಾವನಿಗೆ ಗಿರಣಿಯ ಕೆಲಸ ನಿಜಕ್ಕೂ ಭಾರಿ, ಒಪ್ಪುತ್ತೇನೆ. ಆದರೆ ಇಶಾ ನಮಾಜಿನ ನಂತರ ಚಹಾದ ಅಂಗಡಿಯಲ್ಲಿ ಅವನು ಅರ್ಧ ಗಂಟೆ ಕೂರುತ್ತಿದ್ದ. ನಾನಂತೂ ತೀನ್ ಕಂದೀಲ್ ಬಳಿ ಗೆಳೆಯರೊಂದಿಗೆ ಸಾಹಿತ್ಯ ಮಾತಾಡುತ್ತ ಸಂಜೆಗಳನ್ನೇ ಕಳೆದಿದ್ದೇನೆ. ಶಕ್ತಿಗೆ ಮೀರಿದ ಭಾರವಿಲ್ಲ ಎಂಬ ಮಾತು ಹೆಂಡತಿಗೆ ರಕ್ಷಣೆ ಆಗಬೇಕು, ಗಂಡಸರಿಗೆ ನೆಪ ಆಗಬಾರದು. ಶಕ್ತಿ ಇದ್ದವರ ಮೇಲೆ ಭಾರ ಇದ್ದೇ ಇದೆ.

ಮಾತು ತಡವಾದ ಮಕ್ಕಳ ತಾಯಂದಿರು ನಮ್ಮಲ್ಲಿ ಹಜರತ್ ಮೂಸಾ ಅವರ ದುಆ ಓದುತ್ತಾರೆ. ನಾಲಿಗೆಯ ಗಂಟು ಬಿಚ್ಚು, ಜನರಿಗೆ ನನ್ನ ಮಾತು ಅರ್ಥವಾಗಲಿ ಎಂದು ಅವರು ಬೇಡಿಕೊಂಡದ್ದು ಸೂರೆ ತಾಹಾದಲ್ಲಿದೆ. ನನ್ನ ತಂಗಿಯೂ ಓದಿ ಮಗನ ಎದೆಯ ಮೇಲೆ ಊದುತ್ತಿದ್ದಳು. ನಾವು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಮೂಸಾ ಅಲ್ಲಿಗೆ ನಿಲ್ಲಿಸಲಿಲ್ಲ. ಅದರ ಬೆನ್ನಿಗೇ ತನ್ನ ಮನೆಯವರಲ್ಲೇ ಒಬ್ಬನನ್ನು, ಸಹೋದರನಾದ ಹಾರೂನನನ್ನು ಜೊತೆಗಾರನಾಗಿ ಕೊಡು, ನನ್ನ ಕೆಲಸದಲ್ಲಿ ಪಾಲುಗಾರನಾಗಿ ಮಾಡು ಎಂದು ಕೇಳಿದರು. ನಾಲಿಗೆಯ ಗಂಟಿನ ಪ್ರಾರ್ಥನೆ ಮುಂದುವರಿದು ಪಾಲುಗಾರನ ಪ್ರಾರ್ಥನೆಯಾಗುತ್ತದೆ. ನನ್ನ ತಂಗಿಗೆ ಒಬ್ಬ ಅಣ್ಣನಿದ್ದ. ಅವನು ನೋಟ್‌ಬುಕ್ ತಪಾಸಣೆ ಮಾಡಿ ಬಸ್ಸು ಹತ್ತಿದ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬಸ್ಸು ನಿಂತವು. ಥೆರಪಿ ಮೊಬೈಲಿನ ವಿಡಿಯೊ ಕಾಲ್‌ಗೆ ಬಂತು. ಒಳ್ಳೆಯದಾದದ್ದು ಅದೊಂದು. ಮೇಡಂ ಮೊದಲ ಸಲ ತಂಗಿಯ ಅಡಿಗೆಮನೆ ನೋಡಿದರು. ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ, ಇನ್ನೊಂದು ಕಡೆ ಫಾಲ್ ಹಚ್ಚಲು ಬಂದ ಸೀರೆಗಳ ರಾಶಿ ಇಟ್ಟುಕೊಂಡವಳನ್ನು ನೋಡಿದರು. ಆಮೇಲೆ ಅವರ ಪ್ರಶ್ನೆಯೇ ಬದಲಾಯಿತು. "ಅಭ್ಯಾಸ ಮಾಡಿಸಿದ್ರಾ?" ಎನ್ನುವುದು ಹೋಗಿ, "ದಿನದಾಗ ಯಾವಾಗ ಅವ ನಿಮ್ಮ ಹತ್ರ ಏನಾರ ಬೇಡಾಕ ಬರ್ತಾನ?" ಎಂದು ಕೇಳಿದರು. ರೊಟ್ಟಿ ಬಡಿಯುವಾಗ ಹಿಟ್ಟಿನ ಉಂಡೆಗೆ ಬರುತ್ತಾನೆ ಎಂದಳು. ಹಾಗಾದರೆ ಪಾಠ ಅಲ್ಲೇ ಆಗಲಿ ಎಂದರು. ಕೇಳಿದ ಕೂಡಲೇ ಕೊಡಬೇಡಿ, ಸ್ವಲ್ಪ ಕಾಯಿರಿ, ಅವನು ಏನು ಉಲಿದರೂ ಅದಕ್ಕೆ ಒಂದು ಶಬ್ದ ಸೇರಿಸಿ ಹೇಳಿ. 'ಹಿಟ್ಟು' ಎಂದರೆ 'ಸಣ್ಣ ಹಿಟ್ಟು' ಎನ್ನಿ. ಬೇರೆ ಇಪ್ಪತ್ತು ನಿಮಿಷ ಬೇಕಾಗಿಲ್ಲ.

ಭಾಷೆಯ ವಿಷಯವೂ ಆಗಲೇ ಇತ್ಯರ್ಥವಾಯಿತು. ಅದಕ್ಕೆ ಮುಂಚೆ ಬೇರೆಡೆ ಒಬ್ಬರು, ಮನೆಯಲ್ಲಿ ಒಂದೇ ಭಾಷೆ ಇರಲಿ, ಶಾಲೆಯ ಕನ್ನಡವೇ ಸಾಕು ಎಂದಿದ್ದರು. ತಂಗಿಗೆ ಕನ್ನಡ ಬರುತ್ತದೆ. ಆದರೆ ಅವಳು ನಗುವುದು, ಬೈಯುವುದು, ಮುದ್ದು ಮಾಡುವುದು ದಖನಿಯಲ್ಲಿ. ಅವಳ ಅತ್ತೆಗೆ ಕನ್ನಡ ಬಾರದು, ಮೊಮ್ಮಗನಿಗೆ ಕಥೆ ಹೇಳುವುದನ್ನೇ ಬಿಟ್ಟಿದ್ದರು. ಮಾತು ಕಲಿಸಬೇಕಾದ ಮನೆಯಲ್ಲಿ ಮಾತೇ ಕಡಿಮೆಯಾಗಿತ್ತು. ಎರಡು ಭಾಷೆ ಕೇಳುವುದರಿಂದ ಮಾತಿನ ದೋಷ ಹುಟ್ಟುವುದಿಲ್ಲ, ಇರುವುದು ಹೆಚ್ಚುವುದೂ ಇಲ್ಲ ಎಂಬುದು ಈಗ ಈ ಶಾಸ್ತ್ರದವರು ಒಪ್ಪಿದ ಮಾತು. ಕನ್ನಡ, ದಖನಿ, ತೆಲುಗು ಒಂದೇ ಓಣಿಯಲ್ಲಿ ಕೇಳಿಬರುವ ರಾಯಚೂರು ಜಿಲ್ಲೆಯಲ್ಲಿ ಇದನ್ನು ಪ್ರತಿ ಅಂಗನವಾಡಿಯಲ್ಲೂ ಹೇಳಬೇಕು. ದಾದಿ ಮತ್ತೆ ಕಥೆ ಶುರು ಮಾಡಿದರು. ಅದೂ ಚಿಕಿತ್ಸೆಯೇ ಎಂದು ಮೇಡಂ ಹೇಳಿದಾಗ ಆ ಮುದುಕಿಯ ಮುಖ ನೋಡಬೇಕಿತ್ತು.

ಮನೆಯ ಪಾಲ್ಗೊಳ್ಳುವಿಕೆಯನ್ನು ಹೆಚ್ಚಿಸುವುದು ಹೇಗೆ ಎಂದು ಕೇಳುವವರಿಗೆ ನನಗೆ ತೋಚುವುದು ಇಷ್ಟು. ಮನೆಯಲ್ಲಿ ಮಗುವಿನ ಜೊತೆ ನಿಜವಾಗಿ ಇರುವವರು ಯಾರು ಎಂದು ಮೊದಲು ಕೇಳಬೇಕು. ಅದು ಅಜ್ಜಿಯಾದರೆ ಅಜ್ಜಿಗೆ ಹೇಳಬೇಕು, ಅಕ್ಕನಾದರೆ ಅಕ್ಕನಿಗೆ. ಅವರ ಭಾಷೆಯಲ್ಲಿ ಹೇಳಬೇಕು. 'ಆಗಲಿಲ್ಲ' ಎಂದು ಹೇಳಿದರೆ ಮರ್ಯಾದೆ ಹೋಗದಂಥ ವಾತಾವರಣ ಇರಬೇಕು, ಯಾಕೆಂದರೆ ಯಾಕೆ ಆಗಲಿಲ್ಲ ಎಂಬುದೇ ಅತ್ಯಂತ ಉಪಯುಕ್ತ ಮಾಹಿತಿ. ಎಷ್ಟು ಸಲ ಬಂದರು ಎಂಬ ಹಾಜರಿಗಿಂತ, ಮಗು ಮನೆಯಲ್ಲಿ ಹೊಸದಾಗಿ ಏನು ಹೇಳಿತು ಎಂಬುದನ್ನು ಮನೆಯವರಿಂದ ಕೇಳಿ ಬರೆದುಕೊಳ್ಳಬೇಕು. ಹಾಜರಿಗೂ ಒಂದು ಬೆಲೆ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಂಗಸರಿಗೆ ಬಸ್ಸಿನ ಟಿಕೆಟ್ ಚಿಂತೆ ತಪ್ಪಿತು, ಆದರೆ ಆ ದಿನದ ಕೂಲಿ ಹೋಗುವುದು ತಪ್ಪಲಿಲ್ಲ. ಮಾನ್ವಿ, ದೇವದುರ್ಗದಂಥ ತಾಲ್ಲೂಕಿನಲ್ಲೇ ವಾರಕ್ಕೊಂದು ದಿನ ಥೆರಪಿ ಸಿಗುವಂತಾದರೆ ಎಷ್ಟೋ ಮನೆಗಳ 'ಅಸಹಕಾರ' ತಾನಾಗಿ ಮಾಯವಾಗುತ್ತದೆ.

ಇನ್ನೊಂದು ಮಾತು. ಕೆಲವು ಮಕ್ಕಳಿಗೆ ಎಷ್ಟು ಪ್ರಯತ್ನಪಟ್ಟರೂ ಬಾಯಿಮಾತು ಪೂರ್ತಿ ಬರುವುದಿಲ್ಲ. ದೇವದುರ್ಗದ ಆ ಹುಡುಗಿಗೆ ಸಾಧನ ಹಾಕುವುದು ರೂಢಿಯಾಗುವ ಹೊತ್ತಿಗೆ ಅಮೂಲ್ಯ ವರ್ಷಗಳು ಕಳೆದಿದ್ದವು. ಅವಳು ಈಗ ಕೆಲವು ಶಬ್ದ, ಹೆಚ್ಚು ಸನ್ನೆ ಬಳಸುತ್ತಾಳೆ. ಸನ್ನೆ ಮಾಡಿದರೆ ಮಾತು ಬರುವುದಿಲ್ಲ ಎಂದು ಕೈ ಹಿಡಿದು ನಿಲ್ಲಿಸುವ ಮನೆಗಳಿವೆ. ಆ ಕೈಯನ್ನು ಬಿಡಬೇಕು. ಸಂಜ್ಞಾಭಾಷೆಯೂ ಭಾಷೆಯೇ. ಅದರ ಸಂಶೋಧನೆ, ತರಬೇತಿಗೆಂದೇ ದೆಹಲಿಯಲ್ಲಿ 2015ರಿಂದ ಒಂದು ರಾಷ್ಟ್ರೀಯ ಕೇಂದ್ರ ಇದೆ. ಮಗು ನಮ್ಮ ಹಾಗೆ ಮಾತಾಡಲಿ ಎಂಬುದು ನಮ್ಮ ಆಸೆ. ಅದು ಏನು ಹೇಳುತ್ತಿದೆಯೋ ಅದನ್ನು ತಿಳಿದುಕೊಳ್ಳುವುದು ನಮ್ಮ ಹೊಣೆ. ಆ ಮನೆಯಲ್ಲಿ ಅವಳ ಸನ್ನೆಗಳನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಟ್ರಂಕಿನ ಅಜ್ಜಿಯೇ.

ನನ್ನ ಸೋದರಳಿಯ ಈಗ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುತ್ತಾನೆ. ಮಾತಾಡುತ್ತಾನೆ. ಉದ್ದನೆಯ ವಾಕ್ಯದಲ್ಲಿ ಎಡವುತ್ತಾನೆ, ಶಾಲೆಯಲ್ಲಿ ಕೆಲವರು ಅಣಕಿಸುತ್ತಾರೆ, ಅಳುತ್ತ ಬರುತ್ತಾನೆ. ಎಲ್ಲ ಸರಿಹೋಯಿತು ಎಂದು ಹೇಳುವ ಸ್ಥಿತಿಯಲ್ಲಿ ನಾವಿಲ್ಲ. ಭಾವ ಈಗ ಇಶಾ ನಂತರ ನೇರ ಮನೆಗೆ ಬಂದು ಅಂದಿನ ಗಿರಣಿಯ ಸುದ್ದಿಯನ್ನು ಅವನಿಗೆ ಹೇಳುತ್ತಾನೆ, ಅವನ ಶಾಲೆಯ ಸುದ್ದಿ ಕೇಳುತ್ತಾನೆ. ವಾರಕ್ಕೆ ಎರಡು ರಾತ್ರಿ ನಾನು ಫೋನ್ ಮಾಡುತ್ತೇನೆ. ಅವನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದೆ ಕಾಯುವುದು ನನಗೆ ಕಷ್ಟ. ಕಲಿಯುತ್ತಿದ್ದೇನೆ.

ಕಳೆದ ಸಲ ಹೋದಾಗ ಆ ನೋಟ್‌ಬುಕ್ ಕಣ್ಣಿಗೆ ಬಿತ್ತು. ಹಿಂದಿನ ಖಾಲಿ ಪುಟಗಳಲ್ಲಿ ಹುಡುಗ ಲೆಕ್ಕ ಮಾಡಿದ್ದ. ಮುಂದಿನ ಪುಟಗಳಲ್ಲಿ ಅವಳ ಟಿಕ್ಕುಗಳು ಹಾಗೆಯೇ ಇದ್ದವು. ಮತ್ತೆ ಓದಿದೆ. ತಾರೀಖು, ಚಿತ್ರ, ಹೆಸರು, ಕಥೆ, ನಿಮಿಷ. ಅಪ್ಪನಿಗೊಂದು ಅಂಕಣ ಇರಲಿಲ್ಲ. ದಾದಿಗೆ ಇರಲಿಲ್ಲ. ಮಾಮನಿಗೂ ಇರಲಿಲ್ಲ. ಇದ್ದಿದ್ದರೆ, ಸುಳ್ಳು ಬರೆಯದೆ, ನಾನು ಅದರಲ್ಲಿ ಎಷ್ಟು ಟಿಕ್ಕು ಹಾಕಬಹುದಿತ್ತು?